ಗಿಟಾರ್ ರಿಪೇರಿ ಮನೆಯಲ್ಲೇ ಕಲಿಯಬೇಕಾ? ಮೈಸೂರು, ಮಂಡ್ಯದವರಿಗೆ ಹಂತ ಹಂತದ ಮಾರ್ಗದರ್ಶಿ

"ಬೇಸಿಗೇಲಿ ಚೆನ್ನಾಗಿತ್ತು, ಮಳೆ ಶುರುವಾದ ಮೇಲೆ ತಂತಿ ಒತ್ತಕ್ಕೇ ಆಗ್ತಿಲ್ಲ." "ಝರ್ ಅಂತ ಸದ್ದು ಬರ್ತಿದೆ, ಬೆಂಗಳೂರಿಗೇ ತಗೊಂಡು ಹೋಗಬೇಕಾ?" "ರಿಪೇರಿ ಕಲೀಬೇಕು ಅಂತಿದೆ, ಎಲ್ಲಿಂದ ಶುರು ಮಾಡಲಿ?" ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಇವೇ ಮೂರು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ "ಕೆಟ್ಟು ಹೋಗಿದೆ" ಅಂತ ಮೂಲೆ ಸೇರುವ ಗಿಟಾರ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ತಂತಿ ಹಳೆಯದಾಗಿರುತ್ತದೆ, ಹವೆಗೆ ಮರ ಸ್ವಲ್ಪ ಬಾಗಿರುತ್ತದೆ, ಇಲ್ಲವೇ ಯಾರೋ ಅಳತೆ ನೋಡದೆ ಏನನ್ನೋ ತಿರುಗಿಸಿರುತ್ತಾರೆ. ರಿಪೇರಿ ಕಲಿಯುವುದು ಅಂದರೆ ಮುಕ್ಕಾಲು ಪಾಲು ಅಳೆಯುವುದನ್ನು ಕಲಿಯುವುದು. ಎರಡನೇ ಮಾತು, ಕೆಳಗಿನ ಹಂತಗಳ ಕ್ರಮ ಸುಮ್ನೆ ಹಾಕಿದ್ದಲ್ಲ. ನಾಲ್ಕನೇ ಹಂತ ಬಿಟ್ಟು ಐದಕ್ಕೆ ಹಾರಿದರೆ ಮತ್ತೆ ವಾಪಸ್ ಬರಬೇಕಾಗುತ್ತದೆ.

ಭಾಗಗಳ ಹೆಸರು

ಗಿಟಾರ್‌ನ ಉದ್ದನೆಯ ಹಿಡಿಯೇ ನೆಕ್. ಅದರ ಮೇಲೆ ಅಂಟಿಸಿದ ಮರದ ಪಟ್ಟಿ ಫ್ರೆಟ್‌ಬೋರ್ಡ್, ಅದರಲ್ಲಿ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳು ಫ್ರೆಟ್. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ, ಇಲ್ಲಿ ಮರದಲ್ಲಿ ಗೀರಿದ ಸಣ್ಣ ಕಾಲುವೆಗೆ ಬಡಿದು ಕೂರಿಸಿರುತ್ತಾರೆ. ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ, ಆರು ಗೀರುಗಳಿರುವ ಬಿಳಿ ತುಂಡು ನಟ್. ಅದರಾಚೆ ಇರುವುದು ಹೆಡ್‌ಸ್ಟಾಕ್, ಅಲ್ಲೇ ಶ್ರುತಿ ಮಾಡುವ ಕೀಗಳಿರುತ್ತವೆ. ಕೆಳಗೆ ಬಾಡಿಯ ಮೇಲೆ ಅಂಟಿಸಿದ ಮರದ ತುಂಡು ಬ್ರಿಡ್ಜ್, ಅದರಲ್ಲಿ ನಿಲ್ಲಿಸಿದ ತೆಳು ಬಿಳಿ ಪಟ್ಟಿ ಸ್ಯಾಡಲ್. ನೆಕ್‌ನ ಒಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳು ಇರುತ್ತದೆ, ಅದು ಟ್ರಸ್ ರಾಡ್. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಇನ್ನೆರಡು ಪದಗಳು ಪದೇ ಪದೇ ಬರುತ್ತವೆ. ಆ್ಯಕ್ಷನ್ ಅಂದರೆ ತಂತಿಗೂ ಫ್ರೆಟ್‌ಗೂ ನಡುವಿನ ಎತ್ತರ. ರಿಲೀಫ್ ಅಂದರೆ ನೆಕ್‌ನಲ್ಲಿ ಬೇಕೆಂದೇ ಬಿಟ್ಟಿರುವ ಅತಿ ಸಣ್ಣ ಬಾಗು. ತಂತಿ ಮಿಡಿದಾಗ ನಡುವೆ ಜಾಸ್ತಿ ಅಗಲಕ್ಕೆ ಅದುರುತ್ತದಲ್ವಾ, ಅದಕ್ಕೆ ಜಾಗ ಬೇಕು.

ಏನೇನು ಬೇಕು

ಆನ್‌ಲೈನ್‌ನಲ್ಲಿ ಸಿಗುವ ದುಬಾರಿ ಕಿಟ್ ಸದ್ಯಕ್ಕೆ ಬೇಡ. ಅದರಲ್ಲಿ ಅರ್ಧ ಸಾಮಾನು ಮೂಲೆಯಲ್ಲೇ ಇರುತ್ತದೆ. ಸಂತೇಪೇಟೆ ಸುತ್ತಮುತ್ತಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಮಂಡ್ಯದವರಾದರೆ ಪೇಟೆ ಬೀದಿಯಲ್ಲಿ, ಇವಿಷ್ಟು ಸಿಗುತ್ತವೆ: ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಸ್ಕೇಲ್, ಅಲೆನ್ ಕೀ ಸೆಟ್, ಒಳ್ಳೆಯ ಸ್ಕ್ರೂಡ್ರೈವರ್, ಕಟಿಂಗ್ ಪ್ಲೈಯರ್, ಮಾಸ್ಕಿಂಗ್ ಟೇಪ್, 400ರಿಂದ 2000 ನಂಬರ್‌ವರೆಗಿನ ಎಮರಿ ಪೇಪರ್, ಒಂದು ಅಡಿ ಉದ್ದದ ದಪ್ಪ ಗಾಜಿನ ತುಂಡು. ಅಲೆನ್ ಕೀ ಮಿಲಿಮೀಟರ್ ಸೆಟ್ ಒಂದು, ಇಂಚಿನ ಸೆಟ್ ಒಂದು ಇರಲಿ. ಹೆಚ್ಚುಕಡಿಮೆ ಕೂರುತ್ತದೆ ಅಂತ ತಪ್ಪು ಸೈಜ್ ಹಾಕಿ ತಿರುಗಿಸಿದರೆ ಟ್ರಸ್ ರಾಡ್‌ನ ತಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಅದನ್ನು ಸರಿ ಮಾಡುವುದು ದೊಡ್ಡ ಕೆಲಸ.

ಬೈಕ್ ಸ್ಪೇರ್ಸ್ ಅಂಗಡಿಯಲ್ಲಿ ಫೀಲರ್ ಗೇಜ್ ಕೇಳಿ. ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ತೆಳು ಉಕ್ಕಿನ ಎಲೆಗಳ ಗೊಂಚಲು ಅದು. ಪ್ರತಿ ಎಲೆಯ ಮೇಲೂ ಅದರ ದಪ್ಪ ಬರೆದಿರುತ್ತದೆ. ರಿಲೀಫ್ ಅಳೆಯಲು ಇದೇ ಸಾಕು. ಇನ್ನು ಒಂದು ಕ್ಯಾಪೋ (ಆರೂ ತಂತಿಗಳನ್ನು ಒಂದು ಫ್ರೆಟ್ ಮೇಲೆ ಒತ್ತಿ ಹಿಡಿಯುವ ಕ್ಲಿಪ್), ಫೋನ್‌ನಲ್ಲೊಂದು ಟ್ಯೂನರ್ ಆ್ಯಪ್. ವೈರಿಂಗ್ ಕೆಲಸಕ್ಕೆ 25ರಿಂದ 40 ವ್ಯಾಟ್‌ನ ಸೋಲ್ಡರಿಂಗ್ ಐರನ್. ಪಾಟ್ (ವಾಲ್ಯೂಮ್ ತಿರುಗಿಸುವ ಗುಬ್ಬಿಯ ಕೆಳಗಿನ ಭಾಗ), ಜಾಕ್ (ಕೇಬಲ್ ಚುಚ್ಚುವ ಜಾಗ) ಮುಂತಾದ ಬಿಡಿಭಾಗ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಆ ಕಡೆ ಹೋಗುವವರ ಹತ್ತಿರ ಹೇಳಿ ತರಿಸಿ.

ಹಂತ 1: ಕೈ ಪಳಗಿಸಲು ಒಂದು ಹಳೆ ಗಿಟಾರ್

ನಿಮ್ಮ ಒಳ್ಳೆಯ ಗಿಟಾರ್ ಮೇಲೆ ಕಲಿಯಬೇಡಿ. ಮೈಸೂರಿನಲ್ಲಿ ಹಾಸ್ಟೆಲ್ ಖಾಲಿ ಮಾಡುವ ಹುಡುಗರು ವರ್ಷದ ಕೊನೆಗೆ ಹಳೆ ಗಿಟಾರ್‌ಗಳನ್ನು ಸಿಕ್ಕ ಬೆಲೆಗೆ ಮಾರುತ್ತಾರೆ. ತಂತಿ ಇಲ್ಲದ್ದು, ಬ್ರಿಡ್ಜ್ ಎದ್ದದ್ದು, ಒಂದೆರಡು ಕೀ ಮುರಿದದ್ದು ಆದರೂ ಪರವಾಗಿಲ್ಲ. ಟ್ರಸ್ ರಾಡ್ ಇರುವ ಸ್ಟೀಲ್ ತಂತಿಯ ಅಕೌಸ್ಟಿಕ್ ಆದರೆ ಒಳ್ಳೆಯದು. ನೆಕ್ ತಿರುಚಿಕೊಂಡಿದ್ದರೆ ಮಾತ್ರ ಬಿಟ್ಟುಬಿಡಿ. ಹೆಡ್‌ಸ್ಟಾಕ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ. ಎಡ ಅಂಚು ಒಂದು ಕಡೆ, ಬಲ ಅಂಚು ಇನ್ನೊಂದು ಕಡೆ ವಾಲಿದ್ದರೆ ಅದು ತಿರುಚು. ಟ್ರಸ್ ರಾಡ್‌ಗೆ ಅದನ್ನು ಸರಿಮಾಡಲು ಆಗುವುದಿಲ್ಲ.

ಹಂತ 2: ಕೋಣೆಯ ತೇವಾಂಶ ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಅರ್ಧ ತೊಂದರೆ ಇಲ್ಲೇ ಇರುತ್ತದೆ.

ಮರ ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಗಿಟಾರ್‌ನ ಮುಂಭಾಗದ ಹಲಗೆ ತೇವಕ್ಕೆ ಸ್ವಲ್ಪ ಉಬ್ಬುತ್ತದೆ. ಉಬ್ಬಿದಾಗ ಬ್ರಿಡ್ಜ್ ಮೇಲೇಳುತ್ತದೆ, ಅದರ ಜೊತೆ ತಂತಿಯೂ ಏಳುತ್ತದೆ. ಒಣಗಿದಾಗ ಹಲಗೆ ತಗ್ಗುತ್ತದೆ, ತಂತಿ ಕೆಳಗಿಳಿದು ಫ್ರೆಟ್‌ಗೆ ತಾಗಿ ಝರ್ ಅನ್ನುತ್ತದೆ. ಅಂದರೆ ಅದೇ ಗಿಟಾರ್ ಮಾರ್ಚ್‌ನಲ್ಲಿ ಒಂದು ದೂರು, ಆಗಸ್ಟ್‌ನಲ್ಲಿ ಅದರ ತದ್ವಿರುದ್ಧ ದೂರು ತರುತ್ತದೆ. ಪ್ಲೈವುಡ್ ಮಾದರಿಯಲ್ಲಿ ಪದರ ಪದರವಾಗಿ ಅಂಟಿಸಿದ ಅಗ್ಗದ ಗಿಟಾರ್‌ಗಳಿಗೆ ಇದು ಕಡಿಮೆ. ಒಂದೇ ಮರದ ಹಲಗೆಯ, ಅಂಗಡಿಯವರು 'ಸಾಲಿಡ್ ಟಾಪ್' ಅನ್ನುವ ಗಿಟಾರ್‌ಗಳಿಗೆ ಜಾಸ್ತಿ.

ಗಿಟಾರ್‌ಗೆ ಹಿತವಾದ ತೇವಾಂಶ ಶೇ. 45ರಿಂದ 55. ಅಳೆಯಲು ಹೈಗ್ರೋಮೀಟರ್ ಅನ್ನುವ ಪುಟ್ಟ ಯಂತ್ರ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಅಗ್ಗದ್ದು ಸುಳ್ಳು ಹೇಳಬಹುದು, ಆದ್ದರಿಂದ ಒಮ್ಮೆ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹದಕ್ಕಿರಬೇಕು. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಒಟ್ಟಿಗೆ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಯಂತ್ರ 5 ಕಡಿಮೆ ಹೇಳುತ್ತದೆ ಅಂತ ಅರ್ಥ. ಅಷ್ಟನ್ನು ಕೂಡಿಸಿ ಓದಿಕೊಳ್ಳಿ.

ಮಳೆಗಾಲದಲ್ಲಿ ಗಿಟಾರನ್ನು ಹೊರಗೋಡೆಗೆ ನೇತುಹಾಕಬೇಡಿ. ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿಡಿ. ಮಂಡ್ಯ ಕಡೆ ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ, ಗದ್ದೆ ಪಕ್ಕದ ಮನೆಗಳಲ್ಲಿ ಇರುವವರು ಇದನ್ನು ಮರೆಯಲೇಬಾರದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉಲ್ಟಾ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜ್ ಹಿಂಡಿ ಇಟ್ಟು ಕೇಸ್ ಒಳಗೆ ಇಡಿ. ಸ್ಪಂಜ್‌ನಿಂದ ನೀರು ತೊಟ್ಟಿಕ್ಕಬಾರದು, ಅಷ್ಟೇ.

ಇನ್ನೊಂದು ವಿಷಯ. ಬೇಸಿಗೆಯಲ್ಲಿ ನೆಕ್ ಅಂಚನ್ನು ಸವರಿದರೆ ಫ್ರೆಟ್ ತುದಿಗಳು ಕೈಗೆ ಚುಚ್ಚುತ್ತವಾ? ಫ್ರೆಟ್ ಬೆಳೆದಿಲ್ಲ, ಮರ ಕುಗ್ಗಿದೆ. ತಕ್ಷಣ ಅರ ತೆಗೆದುಕೊಂಡು ಉಜ್ಜಬೇಡಿ. ಎರಡು ವಾರ ತೇವಾಂಶ ಸರಿಮಾಡಿ ನೋಡಿ. ಆಮೇಲೂ ಚುಚ್ಚಿದರೆ ಮಾತ್ರ ಸಣ್ಣ ಅರದಿಂದ ತುದಿಗಳನ್ನು ಓರೆ ಮಾಡಿ.

ಹಂತ 3: ತಂತಿ ಬದಲಾಯಿಸಿ, ಸ್ವಚ್ಛ ಮಾಡಿ

ಹಳೆ ತಂತಿ ಇಟ್ಟುಕೊಂಡು ಯಾವ ಅಳತೆಯನ್ನೂ ನಂಬಬೇಡಿ. ಬೆವರು ಕುಡಿದು ತುಕ್ಕು ಹಿಡಿದ ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಅನಾಹುತ ಯಾವುದು ಗೊತ್ತಾ? ಕ್ಲಾಸಿಕಲ್ ಗಿಟಾರ್‌ಗೆ ಸ್ಟೀಲ್ ತಂತಿ ಹಾಕುವುದು. ನೈಲಾನ್ ತಂತಿಗಳು ಒಟ್ಟು ಸುಮಾರು 40 ಕೆ.ಜಿ. ಎಳೆಯುತ್ತವೆ. 12ರ ಸ್ಟೀಲ್ ಸೆಟ್, ಅಂದರೆ ಅತಿ ತೆಳು ತಂತಿ 0.012 ಇಂಚು ದಪ್ಪ ಇರುವುದು, 70 ಕೆ.ಜಿ. ದಾಟುತ್ತದೆ. ಬ್ರಿಡ್ಜ್ ಕಿತ್ತು ಬರುತ್ತದೆ, ಇಲ್ಲವೇ ಹಲಗೆ ಉಬ್ಬಿ ಹಾಗೇ ಉಳಿಯುತ್ತದೆ. ಹೆಡ್‌ಸ್ಟಾಕ್‌ನಲ್ಲಿ ಉದ್ದುದ್ದ ಎರಡು ಸೀಳು ಇದ್ದು, ಬ್ರಿಡ್ಜ್‌ನಲ್ಲಿ ತಂತಿಯನ್ನು ಗಂಟು ಹಾಕುವಂತಿದ್ದರೆ ಅದು ಕ್ಲಾಸಿಕಲ್. ಅದಕ್ಕೆ ನೈಲಾನ್ ಮಾತ್ರ. ಸ್ಟೀಲ್ ಗಿಟಾರ್ ಬಳಸುವ ಹೊಸಬರಿಗೆ 10 ಅಥವಾ 11ರ ಸೆಟ್ ಸಾಕು.

ತಂತಿಯನ್ನು ಬಿಗಿ ಇರುವಾಗಲೇ ಕತ್ತರಿಸಬೇಡಿ, ಕಣ್ಣಿಗೆ ಹಾರುತ್ತದೆ. ಮೊದಲು ಪೂರ್ತಿ ಸಡಿಲ ಮಾಡಿ. ಬ್ರಿಡ್ಜ್‌ನ ಪಿನ್ ಬರದಿದ್ದರೆ ಪ್ಲೈಯರ್‌ನಲ್ಲಿ ಕಚ್ಚಿ ಎಳೆಯುವ ಬದಲು ಬಾಡಿಯ ರಂಧ್ರದಿಂದ ಕೈ ಹಾಕಿ, ಒಂದು ರೂಪಾಯಿ ನಾಣ್ಯದಿಂದ ಕೆಳಗಿನಿಂದ ಒತ್ತಿ. ಹೊಸ ತಂತಿ ಹಾಕುವಾಗ ಗುಂಡು ಇರುವ ತುದಿಯನ್ನು ತುಸು ಬಗ್ಗಿಸಿ ತೂರಿಸಿ, ಪಿನ್ ಒತ್ತುತ್ತಲೇ ತಂತಿಯನ್ನು ಮೇಲಕ್ಕೆ ಎಳೆಯಿರಿ. ಗುಂಡು ಒಳಗಿನ ಮರಕ್ಕೆ ಟಕ್ ಅಂತ ಕೂರುವುದು ಬೆರಳಿಗೇ ಗೊತ್ತಾಗುತ್ತದೆ. ಪಿನ್‌ನ ತುದಿಗೆ ಗುಂಡು ಸಿಕ್ಕಿಕೊಂಡಿದ್ದರೆ ಶ್ರುತಿ ಏರಿಸುವಾಗ ಪಿನ್ ಹಾರಿ ಬರುತ್ತದೆ. ಕೀ ಹತ್ತಿರ ಎರಡು ಇಂಚು ಹೆಚ್ಚುವರಿ ಬಿಟ್ಟು, ಎರಡು ಮೂರು ಸುತ್ತು ಮೇಲಿಂದ ಕೆಳಕ್ಕೆ ಸುತ್ತಿ.

ಆರೂ ತಂತಿ ತೆಗೆದಿರುವಾಗಲೇ ಫ್ರೆಟ್‌ಬೋರ್ಡ್ ಸ್ವಚ್ಛ ಮಾಡಿ. ಫ್ಲೋಟಿಂಗ್ ಟ್ರೆಮೊಲೊ ಇರುವ ಎಲೆಕ್ಟ್ರಿಕ್, ಅಂದರೆ ಹಿಡಿ ಒತ್ತಿದರೆ ಬ್ರಿಡ್ಜ್ ಅಲ್ಲಾಡುವಂಥದ್ದು, ಇದ್ದರೆ ಒಂದೊಂದೇ ತಂತಿ ಬದಲಿಸುವುದು ಕ್ಷೇಮ. ಹಳೆಯ ಟೂತ್‌ಬ್ರಶ್, ಹಳೆ ಬನಿಯನ್ ಬಟ್ಟೆ ಸಾಕು. ಬೀಟೆ ಮರದ ಕಪ್ಪು-ಕಂದು ಫ್ರೆಟ್‌ಬೋರ್ಡ್ ತುಂಬ ಒಣಗಿದಂತೆ ಕಂಡರೆ ವರ್ಷಕ್ಕೆ ಒಂದೆರಡು ಸಲ ಕೆಲವೇ ಹನಿ ಮಿನರಲ್ ಆಯಿಲ್ ಸವರಿ, ಐದು ನಿಮಿಷ ಬಿಟ್ಟು ಒರೆಸಿಬಿಡಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಬೇಡ. ಅವು ಕ್ರಮೇಣ ಅಂಟಂಟಾಗಿ ವಾಸನೆ ಬರುತ್ತವೆ. ಲೆಮನ್ ಆಯಿಲ್ ಅಂತ ಓದಿ ನಿಂಬೆಹಣ್ಣು ಹಿಂಡಲು ಹೋಗಬೇಡಿ, ಅದು ಬೇರೆ, ಇದು ಬೇರೆ. ಹೊಳೆಯುವ ವಾರ್ನಿಶ್ ಇರುವ ಬಿಳಿ ಮೇಪಲ್ ಬೋರ್ಡ್‌ಗೆ ಎಣ್ಣೆಯ ಅಗತ್ಯವೇ ಇಲ್ಲ.

ನಮ್ಮ ಬೀಟೆ ಮರದ ವಿಷಯ ಬಂದದ್ದಕ್ಕೆ ಒಂದು ಮಾತು. ಪಶ್ಚಿಮ ಘಟ್ಟದ ಇದೇ ಮರ ಪ್ರಪಂಚದ ಎಷ್ಟೋ ಗಿಟಾರ್‌ಗಳ ಫ್ರೆಟ್‌ಬೋರ್ಡ್ ಆಗಿದೆ, ಮೈಸೂರಿನ ಇನ್‌ಲೇ ಕೆಲಸಕ್ಕೂ ಇದೇ ಮರ. 2017ರಲ್ಲಿ ಈ ಜಾತಿಯ ಎಲ್ಲ ಮರಗಳೂ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಗೆ ಸೇರಿದವು. ಪೂರ್ತಿ ತಯಾರಾದ ವಾದ್ಯಗಳಿಗೆ ಮಾತ್ರ 2019ರಲ್ಲಿ ವಿನಾಯಿತಿ ಸಿಕ್ಕಿತು. ಈಚಿನ ಗಿಟಾರ್‌ಗಳಲ್ಲಿ ಬೇರೆ ಬೇರೆ ಮರ ಕಾಣುವುದಕ್ಕೆ ಇದೂ ಒಂದು ಕಾರಣ.

ಆಯುಧ ಪೂಜೆ ದಿನ ಗಿಟಾರ್‌ಗೂ ಪೂಜೆ ಮಾಡುತ್ತೀರಲ್ವಾ? ಮಾಡಿ. ಅರಿಶಿನ ಕುಂಕುಮವನ್ನು ನೀರಲ್ಲಿ ಕಲಸಿ ಫ್ರೆಟ್‌ಬೋರ್ಡ್ ಮೇಲೋ ಮುಂದಿನ ಹಲಗೆ ಮೇಲೋ ಇಡಬೇಡಿ. ಪಾಲಿಶ್ ಬಿಟ್ಟ ಜಾಗ ಇದ್ದರೆ ಮರದೊಳಗೆ ಇಳಿದು ಕಲೆ ಹೋಗುವುದೇ ಇಲ್ಲ. ಕೇಸ್ ಮೇಲೆ ಇಟ್ಟರೂ ಸರಸ್ವತಿಗೆ ಸಲ್ಲುತ್ತದೆ.

ಹಂತ 4: ನೆಕ್ ನೇರ ಇದೆಯಾ?

ಗಿಟಾರ್ ಪೂರ್ತಿ ಶ್ರುತಿಯಲ್ಲಿರಲಿ. ಮೊದಲ ಫ್ರೆಟ್‌ಗೆ ಕ್ಯಾಪೋ ಹಾಕಿ. ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ, ಸಾಮಾನ್ಯವಾಗಿ 14ನೆಯದು, 6ನೇ ತಂತಿಯನ್ನು, ಅಂದರೆ ಅತಿ ದಪ್ಪದ್ದನ್ನು, ಒತ್ತಿ. ಈಗ ಆ ತಂತಿಯೇ ನಿಮ್ಮ ನೇರ ಗೆರೆ. 7ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಫೀಲರ್ ಗೇಜ್ ತೂರಿಸಿ. ಅಕೌಸ್ಟಿಕ್‌ಗೆ 0.15ರಿಂದ 0.25 ಮಿ.ಮೀ., ಎಲೆಕ್ಟ್ರಿಕ್‌ಗೆ 0.1ರಿಂದ 0.25 ಮಿ.ಮೀ. ಇದ್ದರೆ ಸರಿ. ಅಲ್ಲಿಗೆ ನಿಲ್ಲಿಸಿ, ಟ್ರಸ್ ರಾಡ್ ಮುಟ್ಟುವ ಅಗತ್ಯವೇ ಇಲ್ಲ.

ಸಂದಿ ಜಾಸ್ತಿ ಇದ್ದರೆ ನೆಕ್ ಮುಂದಕ್ಕೆ ಬಾಗಿದೆ. ಟ್ರಸ್ ರಾಡ್ ಬಲಕ್ಕೆ ತಿರುಗಿಸಿ, ಬಿಗಿಯಾಗಿ ನೇರವಾಗುತ್ತದೆ. ಸಂದಿಯೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿದೆ, ಎಡಕ್ಕೆ ತಿರುಗಿಸಿ ಸಡಿಲ ಮಾಡಿ. ರಾಡ್‌ನ ತಲೆ ಹೆಡ್‌ಸ್ಟಾಕ್‌ನ ಮುಚ್ಚಳದ ಕೆಳಗೋ ಬಾಡಿಯ ರಂಧ್ರದ ಒಳಗೋ ಇರುತ್ತದೆ. ಅಲೆನ್ ಕೀ ಪೂರ್ತಿ ಒಳಗೆ ಕೂತಿದೆಯಾ ನೋಡಿಕೊಂಡೇ ತಿರುಗಿಸಿ.

ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡವೇ ಬೇಡ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಮರ ನಿಧಾನವಾಗಿ ಕೂರುತ್ತದೆ, ಮರುದಿನ ಇನ್ನೊಮ್ಮೆ ನೋಡಿ. ಕೈಗೆ ಭಾರಿ ಬಿಗಿ ಅನಿಸಿದರೆ ನಿಲ್ಲಿಸಿ. ರಾಡ್ ಮುರಿದರೆ ಅಗ್ಗದ ಗಿಟಾರ್‌ನ ಆಯಸ್ಸು ಅಲ್ಲಿಗೇ ಮುಗಿಯಿತು.

"ತಂತಿ ಎತ್ತರ ಇದೆ, ಟ್ರಸ್ ರಾಡ್ ತಿರುಗಿಸಿ ಇಳಿಸಿದೆ" ಅಂತ ಹೇಳುವವರು ತುಂಬ ಜನ. ಟ್ರಸ್ ರಾಡ್ ಇರುವುದು ಬಾಗು ಸರಿಮಾಡಲು. ಎತ್ತರ ಇಳಿಸುವ ಕೆಲಸ ಮುಂದಿನ ಹಂತದ್ದು.

ಹಂತ 5: ಆ್ಯಕ್ಷನ್ ಮತ್ತು ಸ್ಯಾಡಲ್

ಕ್ಯಾಪೋ ತೆಗೆಯಿರಿ. 12ನೇ ಫ್ರೆಟ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ, ಫ್ರೆಟ್‌ನ ತಲೆಯಿಂದ ತಂತಿಯ ಕೆಳ ಅಂಚಿಗೆ ಎಷ್ಟಿದೆ ನೋಡಿ. ಸ್ಟೀಲ್ ಅಕೌಸ್ಟಿಕ್‌ನಲ್ಲಿ 6ನೇ ತಂತಿಗೆ 2.4ರಿಂದ 2.8 ಮಿ.ಮೀ., 1ನೇ ತಂತಿಗೆ 1.8ರಿಂದ 2 ಮಿ.ಮೀ. ಹಿತ. ಎಲೆಕ್ಟ್ರಿಕ್‌ನಲ್ಲಿ 6ನೆಯದಕ್ಕೆ ಸುಮಾರು 2, 1ನೆಯದಕ್ಕೆ 1.5. ಕ್ಲಾಸಿಕಲ್‌ನಲ್ಲಿ 4 ಮತ್ತು 3. ಇವು ಕಾನೂನಲ್ಲ. ಜೋರಾಗಿ ಸ್ಟ್ರಮ್ ಮಾಡುವವರಿಗೆ ಸ್ವಲ್ಪ ಎತ್ತರವೇ ಒಳ್ಳೆಯದು.

ಎಲೆಕ್ಟ್ರಿಕ್‌ನಲ್ಲಿ ಸ್ಕ್ರೂ ತಿರುಗಿಸಿದರೆ ಆಯಿತು. ಅಕೌಸ್ಟಿಕ್‌ನಲ್ಲಿ ಸ್ಯಾಡಲ್ ಉಜ್ಜಬೇಕು. ಲೆಕ್ಕ ಸರಳ. 12ನೇ ಫ್ರೆಟ್ ನಟ್‌ಗೂ ಸ್ಯಾಡಲ್‌ಗೂ ಹೆಚ್ಚುಕಡಿಮೆ ನಡುವೆ ಇರುವುದರಿಂದ, ಅಲ್ಲಿ ಎಷ್ಟು ಇಳಿಯಬೇಕೋ ಅದರ ಎರಡರಷ್ಟು ಸ್ಯಾಡಲ್‌ನಿಂದ ತೆಗೆಯಬೇಕು. ಈಗ 3.3 ಇದೆ, 2.7 ಬೇಕು ಅಂದರೆ ವ್ಯತ್ಯಾಸ 0.6. ಸ್ಯಾಡಲ್‌ನಿಂದ ತೆಗೆಯಬೇಕಾದ್ದು 1.2 ಮಿ.ಮೀ.

ಸ್ಯಾಡಲ್ ಹೊರತೆಗೆದು, ಯಾವ ಕಡೆ 6ನೇ ತಂತಿ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕೆಳ ಅಂಚಿನಿಂದ 1.2 ಮಿ.ಮೀ. ಮೇಲೆ ಎರಡೂ ಮುಖದಲ್ಲಿ ಗೆರೆ ಎಳೆಯಿರಿ. ಗಾಜಿನ ತುಂಡಿಗೆ 400ರ ಎಮರಿ ಪೇಪರ್ ಟೇಪ್ ಹಾಕಿ ಅಂಟಿಸಿ. ಸ್ಯಾಡಲನ್ನು ನೆಟ್ಟಗೆ ಹಿಡಿದು, ಕೆಳ ಅಂಚನ್ನು ಪೇಪರ್‌ಗೆ ಊರಿ, ಒಂದೇ ದಿಕ್ಕಿಗೆ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಕೈ ವಾಲಿ ಅಂಚು ಗುಂಡಗಾಗುತ್ತದೆ. ಹತ್ತು ಎಳೆತಕ್ಕೊಮ್ಮೆ ಸ್ಯಾಡಲನ್ನು ತಿರುಗಿಸಿ ಹಿಡಿಯಿರಿ, ಆಗ ಎರಡೂ ತುದಿ ಸಮ ಸವೆಯುತ್ತದೆ. ಗೆರೆಗೆ ಕೂದಲೆಳೆಯಷ್ಟು ಮೊದಲೇ ನಿಲ್ಲಿಸಿ, 800ರ ಪೇಪರ್‌ನಲ್ಲಿ ಮುಗಿಸಿ. ಗಾಜಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಕೆಳಗಿನಿಂದ ಬೆಳಕು ಸೋರಬಾರದು. ಸೋರಿದರೆ ಸಮ ಆಗಿಲ್ಲ. ಸ್ಯಾಡಲ್ ಕೆಳಗೆ ಪಿಕಪ್ (ತಂತಿಯ ಅದುರನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಇರುವ ಗಿಟಾರ್ ಆದರೆ ಒಂದು ತಂತಿ ಜೋರು, ಇನ್ನೊಂದು ಮೆಲ್ಲಗೆ ಕೇಳಿಸುವುದು ಇದೇ ಕಾರಣಕ್ಕೆ. ಮೂಳೆಯ ಸ್ಯಾಡಲ್ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಎತ್ತರ ಇಳಿಸಲು ಮೇಲಿನ ಅಂಚನ್ನು ಉಜ್ಜಬೇಡಿ, ಅದರ ಬಾಗು ಫ್ರೆಟ್‌ಬೋರ್ಡ್‌ನ ಆಕಾರಕ್ಕೆ ಹೊಂದಿಕೊಂಡಿರುತ್ತದೆ. ಇನ್ನೊಂದು ಮುಖ್ಯ ಎಚ್ಚರಿಕೆ: ಈ ಕೆಲಸವನ್ನು ಜೋರು ಮಳೆಗಾಲದಲ್ಲಿ ಮಾಡಬೇಡಿ. ಹಲಗೆ ಉಬ್ಬಿರುವಾಗ ಸ್ಯಾಡಲ್ ಇಳಿಸಿದರೆ ಮಾರ್ಚ್‌ನಲ್ಲಿ ಹಲಗೆ ತಗ್ಗಿ ಎಲ್ಲ ಕಡೆ ಝರ್ ಅನ್ನುತ್ತದೆ. ಉಜ್ಜಿದ್ದನ್ನು ವಾಪಸ್ ಕೂಡಿಸಲು ಆಗುವುದಿಲ್ಲವಲ್ಲ. ಅವಸರ ಇದ್ದರೆ ಹಳೆಯ ಸ್ಯಾಡಲ್ ಎತ್ತಿಟ್ಟು ಹೊಸದೊಂದನ್ನು ಉಜ್ಜಿ ಹಾಕಿ. ಋತುವಿಗೊಂದರಂತೆ ಎರಡು ಸ್ಯಾಡಲ್ ಇಟ್ಟುಕೊಳ್ಳುವುದು ನನಗಂತೂ ಒಳ್ಳೆಯ ಉಪಾಯ ಅನಿಸುತ್ತದೆ.

ಸ್ಯಾಡಲ್ ಈಗಾಗಲೇ ಬ್ರಿಡ್ಜ್‌ನಿಂದ ಎರಡು ಮಿಲಿಮೀಟರ್ ಕೂಡ ಮೇಲಿಲ್ಲ, ಆದರೂ ಆ್ಯಕ್ಷನ್ ಜಾಸ್ತಿ ಅಂದರೆ ನೆಕ್‌ನ ಕೋನವೇ ಬದಲಾಗಿದೆ. ಅದು ನೆಕ್ ಬಿಚ್ಚಿ ಮತ್ತೆ ಕೂರಿಸುವ ಕೆಲಸ, ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಹಂತ 6: ನಟ್

ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ, 1ನೇ ಫ್ರೆಟ್ ಮೇಲೆ ನೋಡಿ. ಒಂದು ಕಾಗದದ ಹಾಳೆ ತೂರುವಷ್ಟು ಸಂದಿ ಇದ್ದರೆ ಸಾಕು. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಎಫ್, ಬಿ ಕಾರ್ಡ್ ಹಿಡಿಯುವಾಗ ಬೆರಳು ನೋಯುತ್ತದೆ, ಶ್ರುತಿಯೂ ಏರುತ್ತದೆ. ಗೀರನ್ನು ಆಳ ಮಾಡಲು ತಂತಿಯ ದಪ್ಪಕ್ಕೆ ಸರಿಯಾದ ಅರ ಬೇಕು. ಎರಡು ಎಳೆತ, ಮತ್ತೆ ತಂತಿ ಇಟ್ಟು ನೋಡುವುದು, ಅಷ್ಟು ನಿಧಾನ. ಅರವನ್ನು ಹೆಡ್‌ಸ್ಟಾಕ್ ಕಡೆಗೆ ಸ್ವಲ್ಪ ವಾಲಿಸಿ. ಆಳ ಜಾಸ್ತಿ ಆಗಿಹೋದರೆ ಗೀರಿಗೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಗಟ್ಟಿಯಾಗುತ್ತದೆ, ಮತ್ತೆ ಗೀರಬಹುದು. ಅದು ತಾತ್ಕಾಲಿಕ, ನಟ್ ಬದಲಿಸುವುದೇ ಸರಿ.

ಕೀ ತಿರುಗಿಸುವಾಗ 'ಪಿಂಗ್' ಅಂತ ಸದ್ದು ಬಂದು ಶ್ರುತಿ ಹಾರುತ್ತದಾ? ತಂತಿ ಗೀರಿನಲ್ಲಿ ಸಿಕ್ಕಿಕೊಂಡಿದೆ. ಗೀರಿನಲ್ಲಿ ಪೆನ್ಸಿಲ್ ಸೀಸ ತಿಕ್ಕಿ.

ಹಂತ 7: ಝರ್ ಸದ್ದು ಎಲ್ಲಿಂದ?

ಮೊದಲು ಪತ್ತೇದಾರಿ ಕೆಲಸ. ಒತ್ತದೆ ಮಿಡಿದಾಗ ಮಾತ್ರ ಸದ್ದು ಬಂದರೆ ನಟ್‌ನ ಗೀರು ಆಳವಾಗಿದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಬಂದರೆ ರಿಲೀಫ್ ಕಡಿಮೆ. ಎಲ್ಲ ಕಡೆ ಬಂದರೆ ಆ್ಯಕ್ಷನ್ ತಗ್ಗಿದೆ. ಒಂದೇ ಜಾಗದಲ್ಲಿ ಬಂದರೆ ಅದರ ಮುಂದಿನ ಯಾವುದೋ ಫ್ರೆಟ್ ಎದ್ದಿದೆ. ಎಷ್ಟೋ ಸಲ ಫ್ರೆಟ್‌ದು ತಪ್ಪೇ ಇರುವುದಿಲ್ಲ. ಸಡಿಲವಾದ ಕೀ ನಟ್, ಕತ್ತರಿಸದೆ ಬಿಟ್ಟ ತಂತಿಯ ತುದಿ, ಬಾಡಿಯೊಳಗೆ ನೇತಾಡುವ ಪಿಕಪ್ ವೈರ್ ಇವೂ ಅದುರುತ್ತವೆ. ಬಾಡಿಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕಿವಿಗೊಡಿ. ಒಂದು ಕಡೆ ಮಾತ್ರ ಪಟಪಟ ಅಂದರೆ ಒಳಗಿನ ಆಧಾರ ಪಟ್ಟಿ ಬಿಟ್ಟಿದೆ.

ಎದ್ದ ಫ್ರೆಟ್ ಹುಡುಕಲು ಹಳೆ ಎಟಿಎಂ ಕಾರ್ಡ್ ಸಾಕು, ಉಬ್ಬಿದ ಅಕ್ಷರ ಇಲ್ಲದ್ದು. ಅದರ ಅಂಚು ಮೂರೇ ಫ್ರೆಟ್‌ಗಳ ಮೇಲೆ ಕೂರುವಂತೆ ಇಡಿ. ಕೆಳಗಿನ ಫ್ರೆಟ್‌ಗಳಿಗೆ (ನಟ್ ಹತ್ತಿರದವು) ಉದ್ದದ ಅಂಚು, ಬಾಡಿ ಕಡೆಗೆ ಹೋದಂತೆ ಚಿಕ್ಕ ಅಂಚು, ಇನ್ನೂ ಮುಂದಕ್ಕೆ ಕಾರ್ಡನ್ನೇ ಕತ್ತರಿಸಿಕೊಳ್ಳಿ. ಟಕ ಟಕ ಅಂತ ತೂಗಾಡಿದರೆ ನಡುವಿನ ಫ್ರೆಟ್ ಎತ್ತರ. ಅದು ಮರದಿಂದ ಮೇಲೆದ್ದಿದ್ದರೆ, ಮೇಲೊಂದು ಮರದ ತುಂಡು ಇಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂರಿಸಿ. ನೆಕ್‌ನ ಕೆಳಗೆ ಮರಳು ತುಂಬಿದ ಚಿಕ್ಕ ಚೀಲ ಇಟ್ಟುಕೊಳ್ಳಿ.

ಎಲ್ಲ ಫ್ರೆಟ್‌ಗಳನ್ನೂ ಸಮ ಮಾಡುವ ಕೆಲಸಕ್ಕೆ ಲೆವೆಲಿಂಗ್ ಅನ್ನುತ್ತಾರೆ. ಅಭ್ಯಾಸದ ಗಿಟಾರ್ ಮೇಲೆ ಎರಡು ಮೂರು ಸಲ ಮಾಡುವವರೆಗೆ ಒಳ್ಳೆಯದನ್ನು ಮುಟ್ಟಬೇಡಿ. ತಂತಿ ತೆಗೆದು, ಟ್ರಸ್ ರಾಡ್‌ನಿಂದ ನೆಕ್ ನೇರ ಮಾಡಿ. ಮರದ ಭಾಗಕ್ಕೆಲ್ಲ ಮಾಸ್ಕಿಂಗ್ ಟೇಪ್ ಹಾಕಿ. ಫ್ರೆಟ್‌ಗಳ ತಲೆಗೆ ಕಪ್ಪು ಮಾರ್ಕರ್ ಬಳಿಯಿರಿ. ನೇರವಾದ ಅಲ್ಯುಮಿನಿಯಂ ಪಟ್ಟಿಗೆ 400ರ ಪೇಪರ್ ಅಂಟಿಸಿ, ನೆಕ್ ಉದ್ದಕ್ಕೂ ಭಾರ ಹಾಕದೆ ಎಳೆಯಿರಿ. ಎಲ್ಲ ಫ್ರೆಟ್‌ಗಳ ಮೇಲೂ ಮಾರ್ಕರ್ ಅಳಿಸಿದ ಕ್ಷಣ ನಿಲ್ಲಿಸಿ. ಈಗ ತಲೆಗಳು ಚಪ್ಪಟೆಯಾಗಿರುತ್ತವೆ. ಕ್ರೌನಿಂಗ್ ಫೈಲ್ ಅನ್ನುವ ಹಳ್ಳ ಇರುವ ಅರದಿಂದ ಮತ್ತೆ ಗುಂಡಗೆ ಮಾಡಿ, 600, 1000, 2000 ಹೀಗೆ ಉಜ್ಜಿ ಹೊಳಪು ಕೊಡಿ. ಸ್ಟೀಲ್ ವೂಲ್ ಬಳಸುವುದಾದರೆ ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್‌ಗಳನ್ನು ಟೇಪ್‌ನಿಂದ ಮುಚ್ಚಿ. ಅಲ್ಲಿರುವುದು ಅಯಸ್ಕಾಂತ, ಕಬ್ಬಿಣದ ಪುಡಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ಹಂತ 8: ಇಂಟೊನೇಶನ್

ಖಾಲಿ ತಂತಿ ಶ್ರುತಿಯಲ್ಲಿದೆ, ಮೇಲೆ ಹೋದಂತೆ ಅಪಸ್ವರ. ಇದೇ ಇಂಟೊನೇಶನ್ ದೋಷ. 12ನೇ ಫ್ರೆಟ್‌ನ ನೇರ ಮೇಲೆ ತಂತಿಯನ್ನು ಸುಮ್ಮನೆ ತಾಗಿಸಿ ಮಿಡಿದರೆ ಹಾರ್ಮೋನಿಕ್ ಬರುತ್ತದೆ. ಅದನ್ನು ಟ್ಯೂನರ್‌ನಲ್ಲಿ ನೋಡಿ, ಆಮೇಲೆ ಅಲ್ಲೇ ಒತ್ತಿ ಮಿಡಿದು ನೋಡಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಎಲೆಕ್ಟ್ರಿಕ್‌ನಲ್ಲಿ ಸ್ಕ್ರೂ ಇದೆ. ಅಕೌಸ್ಟಿಕ್‌ನಲ್ಲಿ ಸ್ಯಾಡಲ್‌ನ ತಲೆಯನ್ನು ತಂತಿಗೆ ತಕ್ಕಂತೆ ತುಸು ಹಿಂದೆ ಮುಂದೆ ಕಡೆಯುವುದಷ್ಟೇ ಸಾಧ್ಯ. ಹೊಸ ತಂತಿ ಹಾಕಿ ನೋಡುವುದಕ್ಕೆ ಮುಂಚೆ ಈ ತಂಟೆಗೆ ಹೋಗಬೇಡಿ.

ಹಂತ 9: ವೈರಿಂಗ್

ವಾಲ್ಯೂಮ್ ತಿರುಗಿಸಿದರೆ ಗರಗರ ಅಂದರೆ ಪಾಟ್ ಒಳಗೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಚಿಮುಕು ಹಾಕಿ, ಇಪ್ಪತ್ತು ಸಲ ತಿರುಗಿಸಿ. ಕೇಬಲ್ ಹಾಕಿದರೆ ಸದ್ದು ಬಂದು ಹೋಗುತ್ತಿದ್ದರೆ ಜಾಕ್. ಜಾಕ್‌ನ ನಟ್ ಬಿಗಿ ಮಾಡುವಾಗ ಒಳಗಿನ ಭಾಗ ತಿರುಗದಂತೆ ಹಿಡಿದುಕೊಳ್ಳಿ, ಇಲ್ಲದಿದ್ದರೆ ವೈರ್ ತಿರುಚಿ ಕಿತ್ತು ಬರುತ್ತದೆ. ಗುಂಯ್ ಅನ್ನುವ ಸದ್ದು ತಂತಿ ಮುಟ್ಟಿದಾಗ ಕಡಿಮೆಯಾದರೆ ಅರ್ತ್ ವೈರ್ ಸರಿ ಇದೆ ಅಂತಲೇ ಅರ್ಥ.

ಬೆಸುಗೆ ಹಾಕುವಾಗ ಮೊದಲು ಐರನ್‌ನಿಂದ ಜಾಯಿಂಟನ್ನು ಬಿಸಿ ಮಾಡಿ, ಲೆಡ್ (ಬೆಸುಗೆಯ ತಂತಿ) ಅಲ್ಲಿಗೆ ತಾಗಿಸಿ. ಐರನ್ ತುದಿಯಲ್ಲೇ ಲೆಡ್ ಕರಗಿಸಿ ಮೆತ್ತಿದರೆ ಒಳಗೆ ಹಿಡಿಯುವುದಿಲ್ಲ. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಬ್ಯಾಟರಿ ಇರುವ ಅಕೌಸ್ಟಿಕ್ ಆದರೆ ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ. ಕೇಬಲ್ ಜಾಕ್‌ನಲ್ಲಿ ಇರುವವರೆಗೂ ಒಳಗಿನ ಸರ್ಕ್ಯೂಟ್ ಆನ್ ಇರುತ್ತದೆ, 9 ವೋಲ್ಟ್ ಬ್ಯಾಟರಿ ಖಾಲಿಯಾಗುತ್ತದೆ.

ಹಂತ 10: ಎದ್ದ ಬ್ರಿಡ್ಜ್

ಬ್ರಿಡ್ಜ್‌ನ ಹಿಂದಿನ ಅಂಚಿನಲ್ಲಿ ಕಾಗದದ ತುಂಡು ತೂರುತ್ತದಾ ನೋಡಿ. ತೂರಿದರೆ ಅಂಟು ಬಿಡುತ್ತಿದೆ. ತಕ್ಷಣ ತಂತಿ ಸಡಿಲ ಮಾಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಗಿಟಾರ್ ಬಿಟ್ಟವರ ಮನೆಯಲ್ಲಿ ಇದು ಜಾಸ್ತಿ, ಯಾಕೆಂದರೆ ಬಿಸಿಗೆ ಅಂಟು ಮೆತ್ತಗಾಗುತ್ತದೆ.

ಸಂದಿಗೆ ಅಂಟು ಸುರಿದು ಒತ್ತಿಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದು ನಿಲ್ಲುವುದಿಲ್ಲ, ಹಳೆ ಅಂಟಿನ ಮೇಲೆ ಹೊಸದು ಹಿಡಿಯುವುದಿಲ್ಲ. ಬ್ರಿಡ್ಜನ್ನು ಪೂರ್ತಿ ಬಿಡಿಸಿ, ಎರಡೂ ಕಡೆ ಹಳೆ ಅಂಟನ್ನು ಬರಿ ಮರ ಕಾಣುವವರೆಗೆ ಕೆರೆಯಬೇಕು. ಆಮೇಲೆ ಮರಗೆಲಸದ ಹಳದಿ ಅಂಟು ತೆಳುವಾಗಿ ಹಚ್ಚಿ, ರಂಧ್ರದ ಮೂಲಕ ಕ್ಲ್ಯಾಂಪ್ ಹಾಕಿ, ಒಳಗೆ ಮರದ ಆಧಾರ ಕೊಟ್ಟು 24 ಗಂಟೆ ಬಿಡಬೇಕು. ಸಾಮಾನ್ಯ ಬಿಳಿ ಅಂಟು ತಂತಿಯ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ಎಪಾಕ್ಸಿ ಹಾಕಿದರೆ ಮುಂದೆ ಬಿಡಿಸುವುದು ತುಂಬ ಕಷ್ಟ. ಬ್ರಿಡ್ಜ್‌ಗೆ ಸ್ಕ್ರೂ ಹೊಡೆಯುವುದನ್ನಂತೂ ಯೋಚಿಸಲೇಬೇಡಿ.

ಬೇರೆಯವರ ಗಿಟಾರ್ ಬಂದಾಗ

ಸ್ವಲ್ಪ ಕೈ ಪಳಗಿದ ಮೇಲೆ ಸ್ನೇಹಿತರು ತರಲು ಶುರು ಮಾಡುತ್ತಾರೆ. ತೆಗೆದುಕೊಳ್ಳುವಾಗಲೇ ಅವರ ಮುಂದೆ ಒಂದು ಚೀಟಿ ಬರೆಯಿರಿ: ತಾರೀಖು, ಆ ದಿನದ ತೇವಾಂಶ, ರಿಲೀಫ್, 12ನೇ ಫ್ರೆಟ್‌ನ ಆ್ಯಕ್ಷನ್, ಈಗಾಗಲೇ ಇರುವ ಗೀರು ಬಿರುಕು. ಫೋಟೋ ತೆಗೆಯಿರಿ. ಕೆಲಸ ಮುಗಿದ ಮೇಲೆ ಅದೇ ಚೀಟಿಯ ಹಿಂದೆ ಹೊಸ ಅಳತೆ ಬರೆದು ಕೊಡಿ. ಆರು ತಿಂಗಳ ನಂತರ "ಮತ್ತೆ ಹಾಗೇ ಆಗಿದೆ" ಅಂತ ಬಂದರೆ ಹವೆಯ ಆಟವೋ ಕೆಲಸದ ಕೊರತೆಯೋ ಅಂತ ಆ ಚೀಟಿಯೇ ಹೇಳುತ್ತದೆ.

ವಾರಂಟಿ ಇರುವ ಗಿಟಾರ್, ಮುರಿದ ಹೆಡ್‌ಸ್ಟಾಕ್, ನೆಕ್ ಕೋನ ಕೆಟ್ಟದ್ದು, ಅಜ್ಜನ ಕಾಲದ ಬೆಲೆಬಾಳುವ ವಾದ್ಯ ಇವನ್ನು ಒಪ್ಪಿಕೊಳ್ಳಬೇಡಿ. ಬೆಂಗಳೂರಿಗೆ ಕಳಿಸುವುದಾದರೆ ತಂತಿಗಳನ್ನು ಎರಡು ಮೂರು ಸ್ವರ ಇಳಿಸಿ, ಹೆಡ್‌ಸ್ಟಾಕ್‌ನ ಹಿಂದೆ ನೆಕ್ ಕೆಳಗೆ ಮಡಚಿದ ಟವೆಲ್ ಇಟ್ಟು, ಗಟ್ಟಿ ಕೇಸ್‌ನಲ್ಲೇ ಕಳಿಸಿ. ಮುರಿದ ಚೂರುಗಳಿದ್ದರೆ ಒಂದನ್ನೂ ಬಿಡದೆ ಕವರ್‌ನಲ್ಲಿ ಹಾಕಿ ಜೊತೆಗೇ ಇಡಿ. ಬಸ್ಸಿನ ಡಿಕ್ಕಿಗೆ ಹಾಕಬೇಡಿ, ರೈಲಿನಲ್ಲಿ ಪಕ್ಕದಲ್ಲೇ ಇಟ್ಟುಕೊಂಡು ಹೋಗುವುದು ವಾಸಿ.